ದಕ್ಷಿಣ ಮೂಲೆಯ ಗುಂಡಿ

2 ಫೆಬ್ರವರಿ 2004, ಸೋಮವಾರ

ಬಿಟಿಎಂನಿಂದ ಎರಡು ಬಸ್. ಎಂಟೂವರೆಗೆ ಬೇಗೂರಿನ ಸೈಟಿನಲ್ಲಿದ್ದೆ. ಅಪಾರ್ಟ್‌ಮೆಂಟಿನ ಪಾಯ. ಪಕ್ಕದ ಜಾಗದಲ್ಲಿ ಹಿಂದೆ ಹಳೇ ಕಾಲದ ಮಡಕೆ ಚೂರು ಸಿಕ್ಕಿದ್ದರಿಂದ, ಅಗೆಯುವಷ್ಟು ದಿನ ಪುರಾತತ್ವ ಇಲಾಖೆಯವರೊಬ್ಬರು ನಿಂತು ನೋಡಬೇಕೆಂದು ಷರತ್ತು. ಆ ಒಬ್ಬರು ನಾನು — ಕಾಂಟ್ರ್ಯಾಕ್ಟ್ ಮೇಲೆ. ಇವತ್ತು ಏನೂ ಇಲ್ಲ. ಕೆಂಪು ಮಣ್ಣು, ಧೂಳು.

5 ಫೆಬ್ರವರಿ

ತಗಡಿನ ಬೇಲಿಯಾಚೆ ದಿನವೂ ನಿಲ್ಲುವ ಅಜ್ಜಿಯನ್ನು ಮಾತಾಡಿಸಿದೆ. ಮುನಿಯಕ್ಕ. ಎಪ್ಪತ್ತು ದಾಟಿರಬೇಕು. ಇದು ಅವರದೇ ಹೊಲವಂತೆ. ಗಂಡುಮಕ್ಕಳು ಮಾರಿದರು. ಅದಕ್ಕೇನೂ ಬೇಸರವಿಲ್ಲ ಎಂದರು. ಆಮೇಲೆ ನನ್ನ ಮಣಿಕಟ್ಟು ಹಿಡಿದು, ಮೆಲ್ಲಗೆ —

"ನಮ್ ಲಚ್ಚಿ ಇದ್ರೊಳ್ಗೇ ಅವ್ಳೆ ಕಣಮ್ಮ."

ಮೂರು ವರ್ಷದ ಮಗಳು. ಸಿಡುಬಿನಲ್ಲಿ ಹೋದಳು, ಐವತ್ತು ವರ್ಷದ ಹಿಂದೆ. ದಕ್ಷಿಣ ಮೂಲೆಯ ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿದ್ದರು. ಈಗ ಮರವೂ ಇಲ್ಲ. ಸಿಕ್ಕರೆ ಸ್ಮಶಾನದಲ್ಲಿ ಗಂಡನ ಪಕ್ಕ ಇಡಬೇಕು, ಅಷ್ಟೇ ಆಸೆ.

ಒಮ್ಮೆ ಅಗೆದ ಮಣ್ಣಿನ ಬಣ್ಣವೇ ಬೇರೆ, ನೂರು ವರ್ಷವಾದರೂ ಗುರುತು ಹಿಡಿಯುತ್ತೇನೆ ಎಂದೆ. ಯಾಕೆ ಹಾಗೆ ಮಾತು ಕೊಟ್ಟೆನೋ...

11 ಫೆಬ್ರವರಿ

ದಕ್ಷಿಣ ಮೂಲೆ ಮುಂದಿನ ವಾರ. ಅಲ್ಲಿ ಜೆಸಿಬಿ ಬೇಡ, ಗುದ್ದಲಿಯಲ್ಲಿ ಅಗೆಸೋಣ ಎಂದೆ. ಇಂಜಿನಿಯರ್ ದೀಪಕ್ ಒಪ್ಪಿದರು. ಮುನಿಯಕ್ಕ ಮುದ್ದೆ, ಬಸ್ಸಾರು ತಂದಿದ್ದರು. ಗದಗಿನ ಕಡೆಯವಳು ನಾನು, ಮುದ್ದೆ ನುಂಗಲು ಬರುವುದಿಲ್ಲ. ಅಗಿದೆ. ಅವರು ನಕ್ಕದ್ದು ಇದೇ ಮೊದಲು.

17 ಫೆಬ್ರವರಿ, ಸಂಜೆ. ಮೈಸೂರು

ನಾಳೆ ಪರ್ಮನೆಂಟ್ ಕೆಲಸದ ಇಂಟರ್‌ವ್ಯೂ. ಎರಡು ದಿನ ರಜಾ. ಮೂಲೆ ಮುಟ್ಟಬೇಡಿ ಎಂದು ದೀಪಕ್‌ಗೆ ಎರಡು ಸಲ ಹೇಳಿದ್ದೇನೆ. ಮುನಿಯಕ್ಕನಿಗೆ ಹೇಳಲಿಲ್ಲ. ಗಾಬರಿಯಾಗುತ್ತಾರೆ.

19 ಫೆಬ್ರವರಿ

ಮೂಲೆ ಇಲ್ಲ.

ಎಂಟು ಅಡಿ ಆಳಕ್ಕೆ ಕಡಿದಿದ್ದಾರೆ. ದೀಪಕ್ ನಿನ್ನೆ ಬೇರೆ ಸೈಟಿನಲ್ಲಿದ್ದರಂತೆ, ಡ್ರೈವರ್‌ಗೆ ಹೇಳುವುದು ಮರೆತುಹೋಯಿತಂತೆ. ಬೈಯಲು ಬಾಯಿ ಬರಲಿಲ್ಲ. ಬಿಟ್ಟು ಹೋದವಳು ನಾನು.

ಕಡಿದ ಗೋಡೆಯಲ್ಲಿ, ಕೆಂಪಿನ ನಡುವೆ ಕಪ್ಪು ಮಣ್ಣು. ಅರ್ಧ ಗುಂಡಿ. ಕರಣೆಯಿಂದ ಕೆರೆದೆ. ಕಾಲಿನ ಎರಡು ಮೂಳೆ, ನನ್ನ ಬೆರಳಿಗಿಂತ ತುಸು ದಪ್ಪ. ಹಸಿರುಗಟ್ಟಿದ ಪುಟ್ಟ ಹಿತ್ತಾಳೆ ಕಾಲ್ಕಡಗ. ಅಷ್ಟೇ. ತಲೆಯ ಕಡೆಯ ಅರ್ಧ ಲಾರಿಯಲ್ಲಿ ಹೋಗಿದೆ.

ಮುನಿಯಕ್ಕ ಬಂದರು. ಸುಳ್ಳು ಹೇಳಬಹುದಿತ್ತು — ಮಿಕ್ಕದ್ದು ಕರಗಿ ಹೋಗಿದೆ ಎಂದು. ನಂಬುತ್ತಿದ್ದರು. ಎಲ್ಲ ಹೇಳಿದೆ, ರಜಾ ಹಾಕಿ ಮೈಸೂರಿಗೆ ಹೋದದ್ದನ್ನೂ. ಬೈಯಲಿಲ್ಲ. ಕಡಗವನ್ನು ಸೆರಗಿನಲ್ಲಿ ಉಜ್ಜುತ್ತಾ ನಿಂತರು.

"ಆ ಮಣ್ಣು ಎಲ್ ಸುರುದ್ರಮ್ಮ?"

20 ಫೆಬ್ರವರಿ

ದೀಪಕ್ ಲಾರಿಯವರನ್ನು ವಿಚಾರಿಸಿ ಜಾಗ ಹೇಳಿದರು. ಜೆ.ಪಿ. ನಗರದಾಚೆ ಒಂದು ಹೊಸ ಲೇಔಟ್, ತಗ್ಗು ತುಂಬಿಸುತ್ತಿದ್ದಾರೆ. ಆಟೋದಲ್ಲಿ ಹೋದೆವು. ನಲವತ್ತು ಗುಡ್ಡೆ ಇರಬಹುದು. ಎಲ್ಲೆಲ್ಲಿಯ ಮಣ್ಣೋ. ಒಂದೊಂದನ್ನೇ ಕೆದಕಿದೆ, ಮೂರು ಗಂಟೆಯವರೆಗೆ. ಕೊನೆಗೆ ಮುನಿಯಕ್ಕ ನನ್ನ ಕೈಯಿಂದ ಕರಣೆ ಬಿಡಿಸಿದರು. ಬೆರಳೆಲ್ಲ ರಕ್ತ. ಯಾವುದೋ ಗುಡ್ಡೆಯಿಂದ ಒಂದು ಹಿಡಿ ಮಣ್ಣು ತೆಗೆದು ಸೆರಗಿಗೆ ಕಟ್ಟಿಕೊಂಡರು.

22 ಫೆಬ್ರವರಿ, ಭಾನುವಾರ

ಸ್ಮಶಾನ. ಗಂಡನ ಪಕ್ಕ ಮೊಳದಷ್ಟು ಗುಂಡಿ, ನಾನೇ ತೋಡಿದೆ. ಗಂಡುಮಕ್ಕಳಿಗೆ ಹೇಳಿಯೇ ಇರಲಿಲ್ಲವಂತೆ. ಮೂಳೆ, ಮಣ್ಣು, ಕಡಗ ಇಟ್ಟರು. ಕಡಗ ಮತ್ತೆ ತೆಗೆದರು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಮತ್ತೆ ಇಟ್ಟರು.

9 ಮಾರ್ಚ್

ಕೆಲಸ ಸಿಕ್ಕಿದೆ. ಮೈಸೂರಿನಿಂದ ಪತ್ರ ಬಂತು. ಮುನಿಯಕ್ಕ ಈಗ ಬೇಲಿಯ ಹತ್ತಿರ ಬರುವುದಿಲ್ಲ. ಮನೆ ಹುಡುಕಿಕೊಂಡು ಹೋಗಿ ಹೇಳಿದೆ. ತಲೆ ಸವರಿದರು. ಅಲ್ಲೂ ಮಣ್ಣು ಅಗೆಯುವ ಕಡೆ ನಿಲ್ಲುವುದೇ ಕೆಲಸವಾ ಎಂದು ಕೇಳಿದರು. ಹೌದು ಎಂದೆ.

"ಹಂಗಾದ್ರೆ ರಜಾ ಹಾಕ್ಬ್ಯಾಡ ಕಣಮ್ಮ."

ಕೋಪವಿರಲಿಲ್ಲ. ಅದೇ ಕಷ್ಟವಾಯಿತು. ಬಸ್ ಹತ್ತಿದೆ. ಕಿಟಕಿ ಪಕ್ಕ ಕೂತೆ. ಬೊಮ್ಮನಹಳ್ಳಿ ದಾಟುವವರೆಗೆ ತಡೆದುಕೊಂಡಿದ್ದೆ, ಆಮೇಲೆ —