ಮನ್ನಾ ಆಗದ ಬಾಕಿ

ಮಾರ್ಚ್ ೧೪, ಮಂಗಳವಾರ

ದಿವಾಳಿ ಅರ್ಜಿ ಒಪ್ಪಿಗೆಯಾಯಿತು. ಬ್ಯಾಂಕಿನ ಸಾಲ, ಕಾಗದದ ವ್ಯಾಪಾರಿಯ ಬಾಕಿ, ಪ್ರೆಸ್ಸಿನ ಬಾಡಿಗೆ, ಎಲ್ಲವೂ ಮನ್ನಾ. ತನ್ನ ತಾಯಿಯ ಜೊತೆಗಿರುವ ಮಗಳಿಗೆ ನಾನು ಕೊಡಬೇಕಾದ ಜೀವನಾಂಶ ಮಾತ್ರ ಉಳಿಯಿತು. ಅದೊಂದೇ ಏಕೆ ಎಂಬ ಕುತೂಹಲ ತಡೆಯಲಾರದೆ ವಕೀಲರನ್ನು ಕೇಳಿದೆ.

"ಪ್ರೆಸ್ಸು ಮುಚ್ಚಿದ್ರಿ ಸರಿ, ಅಪ್ಪ ಆಗಿರೋದನ್ನ ಮುಚ್ಚೋಕಾಗತ್ತಾ ಸ್ವಾಮಿ?" ಎಂದು ನಕ್ಕರು.

ಬೇಜಾರಾಗಬೇಕಿತ್ತು, ಆಗಲಿಲ್ಲ. ಏಕೋ ಗೊತ್ತಿಲ್ಲ.

ಸಂಜೆ ಮಗಳೇ ಫೋನ್ ಮಾಡಿದಳು. "ಅಪ್ಪಾ, ದಿವಾಳಿ ಅಂದ್ರೆ ಎಲ್ಲಾ ಹೋಯ್ತಾ?"

"ಎಲ್ಲಾ ಇಲ್ಲ ಕಣೆ, ನೀನು ಉಳ್ಕೊಂಡಿದ್ದೀಯ."

"ಹಾಗಾದ್ರೆ ಹೊಸ ಶೂ ಈ ತಿಂಗಳೇ ಕೊಡಿಸ್ತೀಯಾ?"

ಬಾಕಿ ಕೇಳುವ ಯಾವ ಫೋನಿಗೂ ನಾನು ಇಷ್ಟು ಖುಷಿಪಟ್ಟಿದ್ದಿಲ್ಲ. ಅವಳ ಪಾದ ಈಗೆಷ್ಟು ದೊಡ್ಡದಾಗಿರಬಹುದು? ಕೊನೆಯ ಸಲ ಕೊಡಿಸಿದ ಶೂ ನನ್ನ ಅಂಗೈಯಲ್ಲೇ ಕೂರುತ್ತಿತ್ತು...