ದೊಡ್ಡಮ್ಮ ತಿದ್ದಿದ ಟಿಪ್ಪಣಿ

ಜೂನ್ 3, ಬೆಳಗ್ಗೆ 7

ಇವತ್ತು ಹನ್ನೊಂದು ವಾಯ್ಸ್ ಮೆಸೇಜ್. ಮೊದಲನೆಯದರಲ್ಲಿ ಬರೀ ಮೆಷಿನ್ನಿನ ಗಡಗಡ, ನಡುವೆ ಯಾರದೋ ನಗು.

ಆಸ್ಪತ್ರೆಯ ಬಟ್ಟೆ ಒಗೆಯುವ ನೆಲಮಾಳಿಗೆಗೆ ಹೊರಗಿನವರು ಇಳಿಯುವಂತಿಲ್ಲ. ಮೂರು ಅರ್ಜಿ ಕೊಟ್ಟೆ, ಮೂರೂ ವಾಪಸ್. ಹಾಗಾಗಿ ಅಲ್ಲಿನ ಆರು ಹೆಂಗಸರು ಬಿಡುವಾದಾಗ ಗ್ರೂಪಿಗೆ ಮಾತು ಕಳಿಸುತ್ತಾರೆ. ನಾನು ಮನೆಯಲ್ಲಿ ಕೂತು ಕೇಳಿ ಬರೆದುಕೊಳ್ಳುತ್ತೇನೆ. ಜನವರಿಯಿಂದ ಇದೇ ನನ್ನ ಫೀಲ್ಡ್‌ವರ್ಕ್. ಗೈಡ್ ಸರ್‌ಗೆ ಸಮಾಧಾನವಿಲ್ಲ. "ಚಪ್ಪಲಿಗೆ ಧೂಳು ಹತ್ತದ ಫೀಲ್ಡ್‌ವರ್ಕ್ ಯಾವುದಮ್ಮಾ?"

ಅಕ್ಕನಿಗೆ ತಮಾಷೆ. "ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಒಬ್ಳೇ ಹಲ್ಲು ಕಿರೀತಿರ್ತಾಳೆ. ಇದಕ್ಕೆ ಪಿಎಚ್‌ಡಿ ಬೇರೆ ಕೊಡ್ತಾರಂತೆ!"

ಜೂನ್ 9

ಮಾತನ್ನು ಅಕ್ಷರಕ್ಕಿಳಿಸುವ ಆ್ಯಪ್ ಹಾಕಿಕೊಂಡೆ. ಎಷ್ಟು ಇಸ್ತ್ರಿ ತಿಕ್ಕಿದರೂ ಸುಕ್ಕು ಬಿಡದ ಬೆಡ್‌ಶೀಟಿಗೆ ಅವರಲ್ಲಿ 'ಮಾವ' ಅಂತ ಹೆಸರು. "ಇವತ್ ನಾಲ್ಕು ಮಾವಂದಿರಿಗೆ ಬಿಸಿ ಮುಟ್ಟಿಸ್ದೆ" ಅಂದಿದ್ದರು ದೊಡ್ಡಮ್ಮ. ಆರು ಜನರಲ್ಲಿ ಹಿರಿಯರು, ಎಲ್ಲರ ಬಾಯಲ್ಲೂ ದೊಡ್ಡಮ್ಮ. ಆ್ಯಪ್ ಬರೆದದ್ದು: ನಾಲ್ಕು ಮಾವಿನ ಹಣ್ಣಿಗೆ ಬಿಸಿ ಮುಟ್ಟಿಸಿದೆ. ನಕ್ಕೂ ನಕ್ಕೂ ಹೊಟ್ಟೆ ಹುಣ್ಣು.

ಜೂನ್ 22

ಇದನ್ನೂ ಬರೆಯಬೇಕು.

ಹೋದ ವಾರದ ಸೆಮಿನಾರಿನಲ್ಲಿ ನಲವತ್ತು ಸೆಕೆಂಡಿನ ಒಂದು ತುಣುಕು ಕೇಳಿಸಿದ್ದೆ. ದೊಡ್ಡಮ್ಮ ತಮ್ಮ ಸೂಪರ್‌ವೈಸರ್ ದನಿಯನ್ನು ಅಣಕಿಸಿದ್ದು. ಹೆಸರು ಹೇಳಲಿಲ್ಲ, ಅಷ್ಟು ಸಾಕು ಅಂದುಕೊಂಡೆ. ವಿಭಾಗದವರು ಆ ವಿಡಿಯೋವನ್ನು ನೆಟ್‌ಗೆ ಹಾಕಿದರು. ಅದು ಸೂಪರ್‌ವೈಸರ್ ಕಿವಿಗೂ ಬಿತ್ತು. ದನಿಗೆ ಹೆಸರು ಬೇಕೇ... ದೊಡ್ಡಮ್ಮನನ್ನು ಮಡಿಸುವ ಮೇಜಿನಿಂದ ಎಬ್ಬಿಸಿ ರಕ್ತದ ಬಟ್ಟೆ ಬೇರ್ಪಡಿಸುವ ಕಡೆಗೆ ಹಾಕಿದ್ದಾರೆ. ಹದಿನೆಂಟು ವರ್ಷ ಆ ಮೇಜಿನ ಮುಂದೆ ನಿಂತವರು.

'ನಾನೊಬ್ಬಳೇ ಕೇಳೋದು' ಅಂತ ಮಾತು ಕೊಟ್ಟಿದ್ದೆ. ತಪ್ಪು ನನ್ನದೇ.

ದೊಡ್ಡಮ್ಮ ಗ್ರೂಪ್ ಬಿಟ್ಟರು.

ಜುಲೈ 4, ಮಧ್ಯಾಹ್ನ

ವಿಡಿಯೋ ತೆಗೆಸಿದೆ. ಸೂಪರ್‌ವೈಸರ್‌ಗೂ ಪತ್ರ ಬರೆದೆ, ಕೇಳಿಸಿದ್ದು ನಾನು, ದೊಡ್ಡಮ್ಮನಿಗೆ ಗೊತ್ತೇ ಇರಲಿಲ್ಲ ಅಂತ. ಆಮೇಲೆ ವಿಡಿಯೋ ಕಾಲ್. ಆರೂ ಜನ ಒಂದೇ ಫೋನಿನ ಮುಂದೆ.

"ನೀವು ಹೇಳಿದ ಹಾಗೆ ಮಾಡ್ತೀನಿ ದೊಡ್ಡಮ್ಮ."

"ಎಲ್ಲಾ ಅಳಿಸ್ಬಿಡು. ನಾವ್ ನೋಡ್ತಿರ್ಬೇಕು."

ಸ್ಕ್ರೀನ್ ಶೇರ್ ಮಾಡಿದೆ. ಮುನ್ನೂರ ಹನ್ನೆರಡು ವಾಯ್ಸ್ ಮೆಸೇಜ್, ಬರೆದಿಟ್ಟ ಫೈಲುಗಳು, ಬ್ಯಾಕಪ್ಪು. ಒಂದೊಂದೇ ಅಳಿಸಿದೆ. ಕೊನೆಗೆ ದೊಡ್ಡಮ್ಮ "ಆಯ್ತು" ಅಂದರು, ಕಾಲ್ ಕಟ್.

ಗೈಡ್ ಸರ್ ತಲೆ ಮೇಲೆ ಕೈ ಹೊತ್ತರು. "ಆರು ತಿಂಗಳ ಕೆಲಸ! ಸೆಪ್ಟೆಂಬರ್‌ನಲ್ಲಿ ಪಿಎಚ್‌ಡಿ ಕಮಿಟಿ ಮುಂದೆ ಏನಿಡ್ತೀಯಾ?"

ಉಳಿದಿರುವುದು ಎರಡು ತಿಂಗಳು.

ಜುಲೈ 19

ಏನಿಲ್ಲ. ಅಕ್ಕ ತಮಾಷೆ ಮಾಡುವುದನ್ನೂ ಬಿಟ್ಟಿದ್ದಾಳೆ.

ಆಗಸ್ಟ್ 2

ದೊಡ್ಡಮ್ಮನ ಫೋನ್!

"ನೋಡು ಮಗಾ, ಅವತ್ತು ನೀನು ಒಂದನ್ನಾದ್ರೂ ಬಚ್ಚಿಟ್ಕೋತೀಯ ಅಂದ್ಕೊಂಡಿದ್ವಿ. ಇಟ್ಕೊಳ್ಲಿಲ್ಲ. ನಾವಾರೂ ಕೂತು ಮಾತಾಡಿದೀವಿ. ಮತ್ತೆ ಶುರು ಮಾಡೋಣ. ಆದ್ರೆ ಈಗ ರೆಕಾರ್ಡ್ ಮಾಡೋರು ನಾವು, ಮೊದ್ಲು ಕೇಳೋರೂ ನಾವೇ. ಬೇಡ ಅಂದಿದ್ದು ನಿನ್ನ ಹತ್ರ ಬರಲ್ಲ. ನೀನು ಬರ್ದಿದ್ದನ್ನೂ ನಮ್ಗೆ ತೋರಿಸ್ಬೇಕು. ಪಾಸ್‌ವರ್ಡ್ ನಮ್ಮತ್ರ."

"ಮೇಜು?" ಅಂದೆ.

"ವಾಪಸ್ ಬಂದೆ. ಇವ್ರೈದೂ ಜನ ಸೂಪರ್‌ವೈಸರ್ ಹತ್ರ ಹೋಗಿ, ದೊಡ್ಡಮ್ಮನ್ನ ಕರ್ಸೋತನಕ ನಾವೂ ಆ ಮೇಜು ಮುಟ್ಟಲ್ಲ ಅಂದ್ರು. ಎರಡೇ ದಿನ. ಬೆಟ್ಟದಷ್ಟು ಬೆಡ್‌ಶೀಟು!"

ಅಕ್ಕನನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ. ಬೈದಳು. ಬೈಯಲಿ.

ಆಗಸ್ಟ್ 20

ಈಗ ಫೈಲು ಎಲ್ಲರದೂ. ಒಬ್ಬಾಕೆ ಬಿಡುವಿನಲ್ಲಿ ಗಟ್ಟಿಯಾಗಿ ಓದುತ್ತಾಳಂತೆ, ಉಳಿದವರು ತಿದ್ದಿಸುತ್ತಾರಂತೆ. ಬದಿಯಲ್ಲಿ ಕಾಮೆಂಟುಗಳ ಸಾಲು.

'ಇಸ್ತ್ರಿ ಬಿಸಿಯಾಯ್ತಾ ಅಂತ ಕೈಯಿಂದ ನೋಡಲ್ಲ. ಸದ್ದಿಂದ ಗೊತ್ತಾಗುತ್ತೆ. ಬರಿ.'

'ಪಾಪದ ಹೆಂಗಸರು ಅಂತ ಬರೆದಿದ್ದೀಯ. ಪಾಪ ಅಂತ ನಿನಗೆ ಯಾರು ಹೇಳಿದ್ದು? ತೆಗಿ.'

ತೆಗೆದೆ. ಆರು ತಿಂಗಳು ಕಿವಿ ತೆರೆದು ಕೂತವಳಿಗೆ ಆ ಇಸ್ತ್ರಿಯ ಸದ್ದು ಕೇಳಿಸಿರಲೇ ಇಲ್ಲ!

ಸೆಪ್ಟೆಂಬರ್ 14, ಸಂಜೆ

ಗೆದ್ದೆವು. ಗೆದ್ದೆವು!

ಕಮಿಟಿಯ ನಾಲ್ವರು ಮೇಜಿನ ಆಚೆ. ಗೋಡೆಯ ಪರದೆಯ ಮೇಲೆ ಆರೂ ಜನ, ತಾವೇ ಒಪ್ಪಿ ಬಂದವರು. ಜೂನ್‌ನಲ್ಲಿ ನಾನು ಮಾಡಿದ ತಪ್ಪನ್ನೇ ಮೊದಲು ಹೇಳಿದೆ, ಆಮೇಲೆ ಫೈಲು ತೋರಿಸಿದೆ. ಹಿರಿಯ ಪ್ರೊಫೆಸರ್ ಕನ್ನಡಕ ಮೂಗಿನ ತುದಿಗೆ ಜಾರಿಸಿ, "ಹಾಗಾದ್ರೆ ಇಲ್ಲಿ ಸಂಶೋಧಕಿ ಯಾರು?" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ: "ಅವಳೇ ಸ್ವಾಮಿ. ನಾವು ಅವಳ್ನ ತಿದ್ದೋರು. ನಿಮ್ಗೂ ಯಾರಾದ್ರೂ ತಿದ್ದೋರು ಇದ್ದಾರಾ?"

ಕಮಿಟಿಯೇ ಘೊಳ್ಳೆಂದು ನಕ್ಕಿತು. ಪ್ರೊಫೆಸರ್ ಅಲ್ಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಗೈಡ್ ಸರ್ ಪರದೆಯ ಕಡೆ ತಿರುಗಿ ಎದ್ದು ನಿಂತು ಕೈ ಮುಗಿದರು.

ಸೆಪ್ಟೆಂಬರ್ 16, ಬೆಳಗ್ಗೆ 10

ಇನ್ನೊಂದು ಆಸ್ಪತ್ರೆಯ ಒಗೆಯುವ ಹೆಂಗಸರು ತಮ್ಮದನ್ನೂ ಬರೆಯಿರಿ ಅಂತ ದೊಡ್ಡಮ್ಮನಿಗೆ ಹೇಳಿ ಕಳಿಸಿದ್ದಾರೆ. ಇವತ್ತು ಮೊದಲ ಕಾಲ್. "ಪ್ರಶ್ನೆ ನಾನ್ ಕೇಳ್ತೀನಿ. ನೀನ್ ಸುಮ್ನೆ ಬರ್ಕೋ" ಅಂತ ದೊಡ್ಡಮ್ಮನ ಅಪ್ಪಣೆ.

ಪೆನ್ನು ಹಿಡಿದು ಕೂತಿದ್ದೇನೆ. ಪರದೆ ತುಂಬ ಹೊಸ ಮುಖಗಳು, ನಾಚಿಕೆ, ಗುಸುಗುಸು. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು ಕೇಳಿದರು: "ಸುಕ್ಕು ಬಿಡದ ಬೆಡ್‌ಶೀಟಿಗೆ ನೀವೇನಂತ ಹೆಸ್ರಿಟ್ಟಿದ್ದೀರಾ?"