ಐವತ್ತೈದನೆಯ ರ‍್ಯಾಂಕಿನ ಗೋಲ್‌ಕೀಪರ್

ಸರೋವರ ಕನ್ನಡ ಬಳಗದ ಯುವ ಹಾಕಿ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ಅಥವಾ ನಿಮಗೆ ಇನ್ನೂ ಹಿತವಾಗುವಂತೆ ಕರೆಯುವುದಾದರೆ, ಮೆರಿಟ್ ಪಟ್ಟಿಯ ಪಿತಾಮಹರೇ,

ಕಳೆದ ಶನಿವಾರ ಕಲಮಜೂ ಊರಿನ ಹೋಟೆಲ್ ಹಾಲ್‌ನಲ್ಲಿ, ಅರವತ್ತು ಮಕ್ಕಳು ಮತ್ತು ಅವರ ತಂದೆತಾಯಿಗಳ ಎದುರಿಗೆ, ನನ್ನ ಮಗಳು ಹುದಾಳನ್ನು ನೀವು ಅರ್ಧ ದಾರಿಯಿಂದ ವಾಪಸ್ ಕಳಿಸಿದಿರಿ. ಬೇಸಿಗೆ ಲೀಗಿಗೆ ಕ್ಯಾಪ್ಟನ್‌ಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲು ಕರೆದದ್ದು ಅವಳ ಹೆಸರು. ಅವಳು ಎದ್ದಳು, ವೇದಿಕೆಯ ಕಡೆ ನಡೆದಳು, ಮೂರನೆಯ ಸಾಲಿನ ಕುರ್ಚಿಗಳವರೆಗೆ ಬಂದಳು. ಆಗ ನೀವು ಮೈಕ್ ಹಿಡಿದು ‘ಗೋಲ್‌ಕೀಪರ್‌ನ ಫಸ್ಟ್ ತಗೊಳ್ಳೋದು ವೇಸ್ಟು’ ಎಂದಿರಿ. ಈ ಪತ್ರ ಆ ಒಂದು ವಾಕ್ಯದ ಮೇಲಿನ ತಕರಾರು. ಬಿಸಿಬೇಳೆಬಾತಿನಲ್ಲಿ ಉಪ್ಪು ಜಾಸ್ತಿಯಾಗಿದ್ದರ ಬಗ್ಗೆ ಬೇರೆ ಪತ್ರ ಬರೆಯಬಹುದಿತ್ತು. ಅದನ್ನು ಕ್ಷಮಿಸಿದ್ದೇನೆ.

ಇದು ಬಹಿರಂಗ ಪತ್ರವಾದ್ದರಿಂದ ಹೊರಗಿನ ಓದುಗರಿಗಾಗಿ ಎರಡು ಮಾತು. ನಮ್ಮ ಲೀಗಿನಲ್ಲಿ ಆರು ತಂಡಗಳು, ಮೂರು ಡೆಟ್ರಾಯ್ಟ್ ಕಡೆಯವು, ಮೂರು ಶಿಕಾಗೋ ಕಡೆಯವು. ನಾಲ್ಕು ವಾರಾಂತ್ಯ ಐಸ್ ಹಾಕಿ. ಹಿಂದಿನ ವರ್ಷ ಕೊನೆಗೆ ಬಂದ ತಂಡದ ಕ್ಯಾಪ್ಟನ್‌ಗೆ ಮೊದಲ ಆಯ್ಕೆಯ ಹಕ್ಕು. ಆ ಕಡೆಯ ಮಗುವನ್ನು ಈ ಕಡೆಯವರು ಆರಿಸಿದರೆ, ಪಂದ್ಯದ ವಾರಾಂತ್ಯಗಳಲ್ಲಿ ಆ ಮಗು ಕ್ಯಾಪ್ಟನ್ ಮನೆಯಲ್ಲೇ ಉಳಿಯುತ್ತದೆ, ಅವರ ಮನೆಯ ಅನ್ನ ಸಾರು ಉಣ್ಣುತ್ತದೆ. ಬಹಳ ಚೆಂದದ ಪದ್ಧತಿ. ಅದನ್ನು ಕಟ್ಟಿದವರು ನೀವೇ, ಮೆಚ್ಚಬೇಕಾದ್ದೇ. ಆದರೆ ಅದರ ತಲೆಯ ಮೇಲೆ ಮೆರಿಟ್ ಪಟ್ಟಿಯನ್ನು ತಂದು ಕೂರಿಸಿದವರೂ ನೀವೇ.

ನಮ್ಮವರಿಗೆ ಏನು ಕಾಯಿಲೆಯೋ ಕಾಣೆ. ಹತ್ತು ಮಕ್ಕಳು ಒಂದು ಕಡೆ ನಿಂತರೆ ಸಾಕು, ರ‍್ಯಾಂಕ್ ಕೊಡದಿದ್ದರೆ ಕೈ ತುರಿಸುತ್ತದೆ. ಸಿಇಟಿ ಬರೆದು ಮೂವತ್ತು ವರ್ಷವಾಯಿತು, ಸಾಗರ ದಾಟಿ ಬಂದೆವು, ಆದರೂ ಕೌನ್ಸೆಲಿಂಗ್ ಹಾಲಿನಿಂದ ಇನ್ನೂ ಹೊರಗೆ ಬಂದಿಲ್ಲ. ನಿಮ್ಮ ಪಟ್ಟಿಯ ಪ್ರಕಾರ ಗೋಲ್ ಹೊಡೆದರೆ ಹತ್ತು ಅಂಕ, ಹೊಡೆಯಲು ನೆರವಾದರೆ ಐದು, ಕನ್ನಡ ಓದಿನ ಪರೀಕ್ಷೆಗೆ ಐದು. ಗೋಲ್ ತಡೆದರೆ? ಸೊನ್ನೆ. ಆ ಕಾಲಂ ನಿಮ್ಮ ಎಕ್ಸೆಲ್ ಹಾಳೆಯಲ್ಲಿ ಇಲ್ಲವೇ ಇಲ್ಲ. ಹೀಗಾಗಿ ಅರವತ್ತು ಹೆಸರುಗಳಲ್ಲಿ ಕೊನೆಯ ಆರೂ ಗೋಲ್‌ಕೀಪರ್‌ಗಳದ್ದು. ಅವರಲ್ಲಿ ಹುದಾ ಮೊದಲು, ಐವತ್ತೈದನೆಯ ರ‍್ಯಾಂಕ್, ಯಾಕೆಂದರೆ ಅವಳಿಗೆ ಕನ್ನಡ ಓದಿನಲ್ಲಿ ಐದಕ್ಕೆ ಐದು. ಕಳೆದ ವರ್ಷ ಒಬ್ಬ ಪುಣ್ಯಾತ್ಮ ಗಡಿಬಿಡಿಯಲ್ಲಿ ತನ್ನದೇ ತಂಡದ ಬಲೆಗೆ ಗೋಲ್ ಹೊಡೆದ. ಅವನಿಗೂ ಹತ್ತು ಅಂಕ ಸಂದಿದೆ, ಮೂವತ್ತೊಂಬತ್ತನೆಯ ರ‍್ಯಾಂಕ್ ಬಂದಿದೆ. ಅಧ್ಯಕ್ಷರೇ, ಸ್ವಂತ ಬಲೆಗೆ ಹೊಡೆದವನು ಬಲೆ ಕಾಯ್ದವಳಿಗಿಂತ ಹದಿನಾರು ಸ್ಥಾನ ಮೇಲಿದ್ದಾನೆ. ಪಟ್ಟಿಯನ್ನು ಮೂರು ಜನ ಪರಿಶೀಲಿಸಿ ಸಹಿ ಹಾಕಿದ್ದೀರಿ.

ಈಗ ಹುದಾಳ ಲೆಕ್ಕ ಕೇಳಿ. ಕಳೆದ ವರ್ಷ ಅವಳ ಬಲೆಯ ಕಡೆ ಬಂದ ಹೊಡೆತಗಳು ನೂರ ಮೂವತ್ತೊಂದು. ಒಳಗೆ ಹೋದದ್ದು ಒಂಬತ್ತು. ಇದನ್ನು ನಾನು ತಾಯಿಯ ಮಮತೆಯಿಂದ ಹೇಳುತ್ತಿಲ್ಲ, ನಿಮ್ಮದೇ ಸ್ಕೋರರ್ ಬರೆದಿಟ್ಟ ಹಾಳೆಯಿಂದ ಹೇಳುತ್ತಿದ್ದೇನೆ. ಆ ಹಾಳೆಯನ್ನು ಸಮಿತಿಯಲ್ಲಿ ಯಾರೂ ತಿರುವಿ ಹಾಕಿದಂತಿಲ್ಲ. ತಿರುವಿ ಹಾಕಿದವಳು ಒಬ್ಬಳೇ, ಕಳೆದ ವರ್ಷ ಕೊನೆಗೆ ಬಂದ, ಶಿಕಾಗೋ ಕಡೆಯ ವೆಸ್ಟ್‌ಮಂಟ್ ತಂಡದ ಕ್ಯಾಪ್ಟನ್ ಅನಿಕಾ. ಅವಳಿಗೆ ಹಾಳೆಯೂ ಬೇಕಿರಲಿಲ್ಲ. ನಿಮ್ಮ ಮಾತಿಗೆ ಆ ಹದಿನೇಳರ ಹುಡುಗಿ ಮೈಕಿಲ್ಲದೆಯೇ ಏನು ಉತ್ತರ ಕೊಟ್ಟಳೆಂದು ನೆನಪಿದೆಯೇ?

“ಅಂಕಲ್, ಲಾಸ್ಟ್ ಇಯರ್ ನಾನು ಅವಳ ಮೇಲೆ ಹತ್ತೊಂಬತ್ತು ಶಾಟ್ ಹೊಡ್ದೆ. ಒಂದೂ ಒಳಗೆ ಹೋಗ್ಲಿಲ್ಲ. ಐ ವಾಂಟ್ ಹರ್.”

“ಅದೆಲ್ಲ ಸರಿನಮ್ಮ, ಗೋಲ್‌ಕೀಪರ್ ಯಾರಾದ್ರೂ ಸಿಗ್ತಾರೆ. ಸುಶ್ರುತ ಫಸ್ಟ್ ರ‍್ಯಾಂಕ್ ಇದಾನೆ, ಅವನನ್ನ ತಗೋ” ಎಂದಿರಿ ನೀವು.

ಸುಶ್ರುತ ಒಳ್ಳೆಯ ಹುಡುಗ, ಹನ್ನೊಂದು ಗೋಲ್ ಹೊಡೆದಿದ್ದಾನೆ, ಹಿರಿಯರನ್ನು ಕಂಡರೆ ಕೈಮುಗಿಯುತ್ತಾನೆ. ಅವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಅನಿಕಾ ಕೇಳಿದ್ದು ಅವನನ್ನಲ್ಲ. ಹಕ್ಕು ಅವಳದು, ಸೋತದ್ದೂ ಅವಳ ತಂಡ. ತಾನು ಯಾಕೆ ಸೋತೆ ಎಂಬುದು ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತಿರಬಾರದೇ? ಅವಳು ಸುಶ್ರುತನನ್ನು ಆರಿಸಲು ಒಪ್ಪಲಿಲ್ಲ, ನೀವು ಹುದಾಳನ್ನು ಕೊಡಲು ಒಪ್ಪಲಿಲ್ಲ, ಡ್ರಾಫ್ಟ್ ಬರುವ ಭಾನುವಾರಕ್ಕೆ ಮುಂದೆ ಹೋಯಿತು. ಸೋಮವಾರ ನಿಮ್ಮ ಇಮೇಲ್ ಬಂತು: ಗೋಲ್‌ಕೀಪರ್‌ಗಳನ್ನು ಯಾರೂ ಆರಿಸುವಂತಿಲ್ಲ, ಎಲ್ಲ ಸುತ್ತು ಮುಗಿದ ಮೇಲೆ ಚೀಟಿ ಎತ್ತಿ ಹಂಚಲಾಗುವುದು. ಮಕ್ಕಳನ್ನೋ, ತಾಂಬೂಲದ ಚೀಲವನ್ನೋ?

ದೊಡ್ಡ ಲೀಗುಗಳಲ್ಲೂ ಗೋಲ್‌ಕೀಪರ್‌ನನ್ನು ಮೊದಲು ಆರಿಸುವುದಿಲ್ಲ ಎಂದು ಅದೇ ಇಮೇಲ್‌ನಲ್ಲಿ ಪಾಠ ಮಾಡಿದ್ದೀರಿ. ನಿಜ, ಅಲ್ಲಿ ಹಾಗೆ ಆಗಿ ಎರಡು ದಶಕದ ಮೇಲಾಯಿತು. ಕಾರಣವನ್ನೂ ನನ್ನ ಗಂಡ ಅಸ್ಲಂ ಓದಿ ಹೇಳಿದರು: ಹದಿನೆಂಟರ ಗೋಲ್‌ಕೀಪರ್ ಪಳಗಲು ಐದಾರು ವರ್ಷ ಬೇಕು, ಅಷ್ಟು ಕಾಯುವುದರೊಳಗೆ ಆರಿಸಿದ ಮ್ಯಾನೇಜರ್‌ನ ಕೆಲಸವೇ ಹೋಗಿರುತ್ತದೆ. ಒಪ್ಪಿದೆ. ಆದರೆ ನಮ್ಮ ಲೀಗ್ ಇರುವುದು ನಾಲ್ಕು ವಾರಾಂತ್ಯ. ಇದರಲ್ಲಿ ಯಾರು ಪಳಗಬೇಕು, ಯಾರು ಕಾಯಬೇಕು? ಇವತ್ತು ಯಾರು ತಡೆಯುತ್ತಾರೋ ಅವರು ಬೇಕು, ಅಷ್ಟೇ. ಕೋಟ್ಯಂತರ ಡಾಲರಿನ ತಂಡಗಳ ಭಯವನ್ನು ತಂದು ಹದಿನೈದರ ಹುಡುಗಿಯ ಮೇಲೆ ಹೊರಿಸುವುದೇಕೆ?

ಅಸ್ಲಂ ವಾರೆನ್‌ನಲ್ಲಿ ಒಂದು ಕಾರು ಕಂಪನಿಗೆ ಬ್ರೇಕ್ ಪರೀಕ್ಷೆ ಮಾಡುವ ಎಂಜಿನಿಯರ್. ಹುಬ್ಬಳ್ಳಿಯ ಮನುಷ್ಯ, ಸಭೆಗಳಲ್ಲಿ ಬಾಯಿ ಬಿಡುವವರಲ್ಲ. ಇಮೇಲ್ ಓದಿ ಇಷ್ಟೇ ಅಂದರು: “ನಂದೂ ಗೋಲ್‌ಕೀಪರ್ ಕೆಲಸಾನ ಐತಿ. ಬ್ರೇಕ್ ಹಿಡದ್ರ ಯಾರೂ ಮಾತಾಡಂಗಿಲ್ಲ. ಹಿಡೀಲಿಲ್ಲಂದ್ರ ಎಲ್ಲಾರೂ ಫೋನ್ ಮಾಡ್ತಾರ.” ನಿಮ್ಮ ಸಮಿತಿಯಲ್ಲಿ ನಾಲ್ವರು ಕಾರು ಎಂಜಿನಿಯರ್‌ಗಳಿದ್ದೀರಿ. ಬ್ರೇಕನ್ನು ಚೀಟಿ ಎತ್ತಿ ಆರಿಸುವ ಕಂಪನಿಯ ಕಾರಿನಲ್ಲಿ ನಿಮ್ಮ ಮಕ್ಕಳನ್ನು ಕೂರಿಸುತ್ತೀರಾ?

ಇಷ್ಟು ಹೊತ್ತು ನಿಮ್ಮನ್ನು ಬೈದದ್ದಾಯಿತು. ಈಗ ನನ್ನ ಸರದಿ. ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ನನ್ನದೊಂದು ಬಟ್ಟೆ ಆಲ್ಟರೇಷನ್ ಅಂಗಡಿ ಇದೆ. ಹುದಾಳ ಪ್ಯಾಡುಗಳ ಹೊಲಿಗೆ ಬಿಚ್ಚಿದಾಗಲೆಲ್ಲ ಹೊಲಿಯುವವಳು ನಾನೇ. ರಬ್ಬರಿನ ಆ ಗಟ್ಟಿ ಬಿಲ್ಲೆ ಎಲ್ಲೆಲ್ಲಿ ಬಡಿಯುತ್ತದೆಂದು ಸೂಜಿ ಹಿಡಿದ ನನ್ನ ಬೆರಳಿಗೆ ಗೊತ್ತು. ನಾಲ್ಕು ವರ್ಷದಿಂದ ಅವಳಿಗೆ ಒಂದೇ ಮಾತು ಹೇಳಿಕೊಂಡು ಬಂದಿದ್ದೇನೆ: ಎಲ್ಲರೂ ಹೊಡೆಯುವ ಜಾಗದಲ್ಲಿ ನೀನ್ಯಾಕೆ ನಿಲ್ಲುತ್ತೀ, ಓಡಾಡಿ ಆಡಬಾರದೇ? ಗೋಲ್ ತಡೆದವರ ಆ ಕಾಲಂ ನಿಮ್ಮ ಪಟ್ಟಿಗಿಂತ ಮೊದಲೇ ನನ್ನ ತಲೆಯಲ್ಲೂ ಇರಲಿಲ್ಲ. ಶನಿವಾರ ಅವಳು ಮೂರನೆಯ ಸಾಲಿನ ಹತ್ತಿರ ನಿಂತು ಹಿಂತಿರುಗಿ ನೋಡಿದ್ದು ನಿಮ್ಮನ್ನಲ್ಲ, ನನ್ನನ್ನು. ನಾನೇನು ಮಾಡಿದೆ ಗೊತ್ತೇ? ಕೈಸನ್ನೆ ಮಾಡಿ ಕರೆದೆ. “ಬಾ, ಬಂದು ಕೂತ್ಕೋ, ಎಲ್ಲರೂ ನೋಡ್ತಿದಾರೆ” ಎಂದೆ. ಎದ್ದುನಿಂತು ನಿಮ್ಮನ್ನು ಕೇಳಬೇಕಾಗಿದ್ದವಳು ಮಗಳನ್ನೇ ಕೂರಿಸಿದೆ. ಅದಕ್ಕಾಗಿ ನನಗೆ ನಾಚಿಕೆಯಾಗಿದೆ.

ವಾಪಸ್ ಬರುವಾಗ ನೂರ ನಲವತ್ತು ಮೈಲಿಯಲ್ಲಿ ಅವಳು ಆಡಿದ್ದು ಒಂದೇ ಮಾತು. ಹೆದ್ದಾರಿಯ ಜಾಕ್ಸನ್ ಎಕ್ಸಿಟ್ ದಾಟಿದ ಮೇಲೆ ಕಿವಿಯಿಂದ ಹೆಡ್‌ಫೋನ್ ತೆಗೆದು, “ಅಮ್ಮಿ, ಐಯಾಮ್ ಡನ್. ಫಾರ್ವರ್ಡ್ ಆಡ್ತೀನಿ” ಎಂದಳು. ನಾಲ್ಕು ವರ್ಷದಿಂದ ನಾನು ಬೇಡಿದ್ದು ಅದನ್ನೇ ಅಲ್ಲವೇ? ಖುಷಿಯಾಗಬೇಕಿತ್ತು. ಆಗಲಿಲ್ಲ. ಮನೆಗೆ ಬಂದವಳೇ ಪ್ಯಾಡುಗಳನ್ನು ಗ್ಯಾರೇಜಿಗೆ ಹಾಕಿದಳು. ಐದು ದಿನದಿಂದ ಅಲ್ಲೇ ಬಿದ್ದಿವೆ.

ಆದ್ದರಿಂದ ನನ್ನ ಬೇಡಿಕೆ ಇದು. ಚೀಟಿಯ ನಿಯಮವನ್ನು ಹಿಂತೆಗೆದುಕೊಳ್ಳಿ. ಭಾನುವಾರ ಅನಿಕಾಳಿಗೆ ಮೈಕ್ ಕೊಡಿ, ಅವಳು ಯಾರ ಹೆಸರು ಹೇಳುತ್ತಾಳೋ ಆ ಹೆಸರನ್ನು ಮೊದಲನೆಯದಾಗಿ ಬರೆದುಕೊಳ್ಳಿ. ನನ್ನ ಮಗಳು ಮೊದಲ ಪಂದ್ಯದಲ್ಲೇ ಏಳು ಗೋಲ್ ಬಿಡಬಹುದು. ಬಿಡಲಿ. ಆಗ ‘ನಾನು ಹೇಳಲಿಲ್ಲವೇ’ ಎಂದು ನೀವು ಊರೆಲ್ಲ ಸಾರಿಕೊಂಡು ಬನ್ನಿ, ನಿಮ್ಮ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ. ಇದು ಒಪ್ಪಿಗೆಯಿಲ್ಲವೆಂದಾದರೆ ಪ್ಯಾಡು ಹೊಲಿದುಕೊಡುತ್ತೇನೆ, ಅಳತೆ ಕೊಡಿ, ನೀವೇ ಬಂದು ಬಲೆಯ ಮುಂದೆ ನಿಲ್ಲಿ. ಹತ್ತೊಂಬತ್ತು ಹೊಡೆತ ಹೊಡೆಯಲು ಅನಿಕಾ ತಯಾರಿದ್ದಾಳೆ.

ಇಂದು ಬೆಳಿಗ್ಗೆ ಈ ಪತ್ರವನ್ನು ಹುದಾಳಿಗೆ ಓದಲು ಕೊಟ್ಟೆ. ಸೀರಿಯಲ್ ತಿನ್ನುತ್ತಾ ಪೂರ್ತಿ ಓದಿದಳು, ಒಂದು ಒತ್ತಕ್ಷರ ತಿದ್ದಿದಳು. ಮತ್ತೆ ಕರೆದರೆ ಹೋಗುತ್ತೀಯಾ ಎಂದು ಕೇಳಿದೆ. ಬಟ್ಟಲನ್ನು ಪಕ್ಕಕ್ಕೆ ಸರಿಸಿ, “ಒಂದು ಕಂಡಿಶನ್, ಅಮ್ಮಿ” ಎಂದಳು. “ಶಾಟ್ ಬಂದಾಗೆಲ್ಲ ಯು ಕ್ಲೋಸ್ ಯುವರ್ ಐಸ್. ನನಗೆ ನೆಟ್‌ನಿಂದ ಕಾಣುತ್ತೆ. ನೀನು ಒಂದು ಸೇವ್ ಕೂಡ ನೋಡಿಲ್ಲ.”

ಕಳೆದ ವರ್ಷ ಅವಳು ತಡೆದದ್ದು ನೂರ ಇಪ್ಪತ್ತೆರಡು, ಅಧ್ಯಕ್ಷರೇ. ಒಂದನ್ನೂ ನಾನು ನೋಡಿಲ್ಲ. ಕಣ್ಣು ಬಿಟ್ಟುಕೊಂಡು ಕೂರುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಅವಳನ್ನು ಕರೆಯುವುದು ನಿಮಗೆ ಬಿಟ್ಟದ್ದು.

ಇಂತಿ,
ಗ್ಯಾಲರಿಯಲ್ಲಿದ್ದೂ ಆಟ ನೋಡದ,
ನಜ್ಮುನ್ನೀಸಾ
ವೆಸ್ಟ್ ಬ್ಲೂಮ್‌ಫೀಲ್ಡ್